ಕೊಂಡ ರೈಡರ್, ಬೆಳೆದ ರೈಡರ್

ಶೇಂಗಾ ಕಿತ್ತು, ಕಾಯಿ ಬಿಡಿಸಿ, ಚೀಲ ಮಂಡಿಗೆ ಹೋದ ಮೇಲೆ ಚಳ್ಳಕೆರೆ ಕಡೆಯ ಉಳ್ಳಾರ್ತಿ ಕಾವಲಿನ ಆಸುಪಾಸಿನ ಊರುಗಳಲ್ಲಿ ಪೋಸ್ಟರುಗಳ ಕಾಲ ಶುರುವಾಗುತ್ತದೆ. ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ. ಮೇಲೆ ದೇವರ ಫೋಟೊ, ಅದರ ಕೆಳಗೆ ದೇವರಿಗಿಂತ ದೊಡ್ಡದಾಗಿ ಮುಖಂಡರ ಫೋಟೊಗಳು, ನಡುವೆ ಬಹುಮಾನದ ಮೊತ್ತ ಮತ್ತು ಪ್ರವೇಶ ಶುಲ್ಕ. ಜಗಳಕ್ಕೆ ಕಾರಣವಾಗುವ ಸಂಗತಿ ಇರುವುದು ಮಾತ್ರ ತಳದ ಸಣ್ಣ ಅಕ್ಷರದಲ್ಲಿ: ಆಟಗಾರರು ಒಂದೇ ಊರಿನವರಾಗಿರಬೇಕು, ಆಧಾರ್ ಕಾರ್ಡ್ ಕಡ್ಡಾಯ. ಕೆಲವು ಕಮಿಟಿಯವರು ಸ್ವಲ್ಪ ಸಡಿಲ ಬಿಟ್ಟು, ತಂಡಕ್ಕೆ ಇಬ್ಬರು ಹೊರಗಿನವರು ಇರಬಹುದು ಎಂದು ಹಾಕಿಸುತ್ತಾರೆ.

ಆಧಾರ್ ಕಾರ್ಡಿಗೂ ಕಬಡ್ಡಿಗೂ ಏನು ಸಂಬಂಧ ಎಂದು ಕೇಳುವವರು ಪಂದ್ಯಾವಳಿಯ ಹಿಂದಿನ ವಾರ ಯಾವುದಾದರೂ ಟೀ ಅಂಗಡಿ ಮುಂದೆ ನಿಲ್ಲಬೇಕು.

‘ಏನಣ್ಣ, ಈ ಸಲಾನೂ ನಮ್ ಹುಡುಗ್ರನ್ನೇ ಇಳಿಸ್ತೀರಾ? ಹೋದ್ ವರ್ಷ ಫಸ್ಟ್ ರೌಂಡಲ್ಲೇ ಮನೀಗ್ ಬಂದ್ವಿ.’

‘ದಾವಣಗೆರೆ ಕಡೆಯಿಂದ ಇಬ್ರು ರೈಡರ್ ಕರ್ಸೋಣ ಅಂತ ನಂಗೂ ಐತಪ್ಪ. ಕೈಗೆ ಕಾಸು, ಊಟ, ಹೋಗಿ ಬರೋ ಖರ್ಚು. ನೀನ್ ಕೊಡ್ತೀಯಾ?’

‘ನಮ್ ಹುಡುಗ್ರು ಎರಡ್ ವರ್ಷ ಆಡ್ಲಿ ಬಿಡಣ್ಣ, ಕಲೀತಾರೆ.’

‘ಕಲಿಯೋವರ್ಗೂ ಸೋಲೋದ್ ಯಾರು?’

ಆ ಕೊನೆಯ ಮಾತಿಗೆ ಟೀ ಅಂಗಡಿಯಲ್ಲಿ ಉತ್ತರ ಸಿಗುವುದಿಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡಗಳ ಕಚೇರಿಗಳಲ್ಲೂ ಪ್ರತಿ ವರ್ಷ ಇದೇ ಚರ್ಚೆ ನಡೆಯುತ್ತದೆ. ಅಲ್ಲಿ ಕಾಸಿನ ಬದಲು ಕೋಟ್ಯಂತರ ಡಾಲರ್, ದಾವಣಗೆರೆಯ ರೈಡರ್ ಬದಲು ಫ್ರೀ ಏಜೆಂಟ್, ಅಂದರೆ ಕರಾರು ಮುಗಿದು ಯಾವ ತಂಡದ ಹಂಗೂ ಇಲ್ಲದ ಆಟಗಾರ. ಸೋಲುತ್ತಿರುವ ತಂಡ ಇಂಥವರನ್ನು ದುಡ್ಡು ಸುರಿದು ಕರೆತರಬೇಕೋ, ಅಥವಾ ಇದ್ದಬದ್ದವರನ್ನೆಲ್ಲ ಕಳಿಸಿ, ಹೊಸ ಹುಡುಗರನ್ನು ಹಾಕಿಕೊಂಡು ಮೂರ್ನಾಲ್ಕು ವರ್ಷ ಪೆಟ್ಟು ತಿನ್ನಬೇಕೋ?

ಈ ಪ್ರಶ್ನೆ ಕನ್ನಡಿಗರ ಬಾಗಿಲಿಗೆ ನೇರವಾಗಿ ಬಂದದ್ದು 2024ರ ಡಿಸೆಂಬರಿನಲ್ಲಿ. ಪ್ರೊ ಕಬಡ್ಡಿ ಲೀಗಿನ ಹನ್ನೊಂದನೇ ಆವೃತ್ತಿ ಮುಗಿದಾಗ ಬೆಂಗಳೂರು ಬುಲ್ಸ್ ಹನ್ನೆರಡು ತಂಡಗಳ ಪಟ್ಟಿಯಲ್ಲಿ ಹನ್ನೆರಡನೆಯದು. ಆಡಿದ್ದು 22 ಪಂದ್ಯ, ಗೆದ್ದದ್ದು 2. ತಂಡಕ್ಕೆ ಹೆಸರುಳ್ಳವರ ಕೊರತೆ ಏನೂ ಇರಲಿಲ್ಲ. ಪಟ್ನಾ ಪೈರೇಟ್ಸ್‌ಗೆ ಸತತ ಮೂರು ಪ್ರಶಸ್ತಿ ಗೆದ್ದುಕೊಟ್ಟ, ‘ಡುಬ್ಕಿ ಕಿಂಗ್’ ಎಂದೇ ಹೆಸರಾದ ಪರ್ದೀಪ್ ನರ್ವಾಲ್‌ನನ್ನು 70 ಲಕ್ಷಕ್ಕೆ ಕೊಂಡು ನಾಯಕನನ್ನಾಗಿ ಮಾಡಿದ್ದರು. ಅಜಿಂಕ್ಯ ಪವಾರ್‌ಗೆ ಒಂದು ಕೋಟಿಗೂ ಮಿಕ್ಕಿ ಕೊಟ್ಟಿದ್ದರು. ಅದೇ ಹೊತ್ತಿಗೆ, ಬುಲ್ಸ್‌ನಲ್ಲೇ ಆಡಿ ಬೆಳೆದು ಹೆಸರು ಮಾಡಿದ್ದ ಭರತ್ ಹೂಡಾ ಹರಾಜಿನಲ್ಲಿ ಯುಪಿ ಯೋಧಾಸ್ ಪಾಲಾಗಿದ್ದ. ಹಿಂದಿನ ಸಾಧನೆಗೆ ಬೆಲೆ ಕಟ್ಟಿ, ಮುಂದೆ ಬೆಳೆಯುವವನನ್ನು ಕೈಬಿಟ್ಟ ವ್ಯಾಪಾರ ಅದು. ಮರುವರ್ಷದ ಹರಾಜಿನಲ್ಲಿ ಪರ್ದೀಪ್‌ನನ್ನು ಯಾರೂ ಕೊಳ್ಳಲಿಲ್ಲ; ಆತ ಆಟಕ್ಕೇ ವಿದಾಯ ಹೇಳಿದ.

ಹಾಗಾದರೆ ಕೊಳ್ಳುವುದೇ ತಪ್ಪು, ಹುಡುಗರನ್ನು ಬೆಳೆಸುವುದೇ ಸರಿ ಎಂದು ಬರೆದು ಅಂಕಣ ಮುಗಿಸಬಹುದಿತ್ತು. ಆದರೆ ಯಾವ ಆಟ, ಯಾವ ಲೀಗು, ಅದರ ನಿಯಮವೇನು ಎಂದು ನೋಡದೆ ಹೀಗೆ ತೀರ್ಪು ಕೊಡುವವರಿಂದಲೇ ಟೀ ಅಂಗಡಿಯ ವಾದ ಎಂದೂ ಮುಗಿಯುವುದಿಲ್ಲ.

ಮೊದಲು ಅಮೆರಿಕದ್ದು ನೋಡೋಣ. ಅಲ್ಲಿನ ಬ್ಯಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎಯಲ್ಲಿ ಒಂದು ವಿಚಿತ್ರ ವ್ಯವಸ್ಥೆ ಇದೆ: ಸೋತವನಿಗೆ ಬಹುಮಾನ. ಪ್ರತಿ ವರ್ಷ ಕಾಲೇಜಿನಿಂದಲೋ ಹೊರದೇಶದಿಂದಲೋ ಬರುವ ಹೊಸ ಆಟಗಾರರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಹಿಂದಿನ ಸಾಲಿನಲ್ಲಿ ಹೆಚ್ಚು ಸೋತ ತಂಡಗಳಿಗೆ ಮೊದಲು ಆರಿಸುವ ಅವಕಾಶ ಹೆಚ್ಚು; ಲಾಟರಿ ಎತ್ತಿ ಸರದಿ ತೀರ್ಮಾನಿಸುತ್ತಾರೆ. ಬಡ ತಂಡ ಬಡವಾಗಿಯೇ ಉಳಿಯಬಾರದು ಎಂಬುದು ಇದರ ಉದ್ದೇಶ. ಅದರಿಂದ ಹುಟ್ಟಿಕೊಂಡದ್ದು ಬೇಕೆಂದೇ ಸೋಲುವ ಜಾಣತನ.

ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ ತಂಡ ಈ ಜಾಣತನವನ್ನು ತುದಿ ಮುಟ್ಟಿಸಿತು. 2013ರಲ್ಲಿ ವ್ಯವಸ್ಥಾಪಕನಾಗಿ ಬಂದ ಸ್ಯಾಮ್ ಹಿಂಕಿ ಕೈಲಿದ್ದ ಒಳ್ಳೆಯ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಮಾರಿ, ಮುಂದಿನ ವರ್ಷಗಳ ಡ್ರಾಫ್ಟ್ ಸರದಿಗಳನ್ನು ಕೂಡಿಹಾಕಿದ. ಮೂರು ಸಾಲಿನಲ್ಲಿ ತಂಡ ಗೆದ್ದದ್ದು 19, 18, ಕೊನೆಗೆ 10 ಪಂದ್ಯ. ಆ ಕೊನೆಯ ಸಾಲಿನಲ್ಲಿ ಸೋತದ್ದು 72. ಪ್ರೇಕ್ಷಕರು ಟಿಕೆಟ್ ಕೊಂಡು ಸೋಲು ನೋಡಲು ಬರಬೇಕಾಯಿತು. 2016ರ ಏಪ್ರಿಲಿನಲ್ಲಿ ಹಿಂಕಿ ರಾಜೀನಾಮೆ ಕೊಟ್ಟ. ಆ ಸೋಲುಗಳ ಫಲವಾಗಿ ಜೋಯಲ್ ಎಂಬೀಡ್ ಎಂಬ ಅಸಾಮಾನ್ಯ ಆಟಗಾರ ಸಿಕ್ಕಿದ್ದೇನೋ ನಿಜ. ಆದರೆ ಪ್ರಶಸ್ತಿ ಸಿಗಲಿಲ್ಲ. ಲೀಗಿನವರೂ ಎಚ್ಚೆತ್ತು 2019ರಿಂದ ಲಾಟರಿಯ ಲೆಕ್ಕವನ್ನೇ ಬದಲಿಸಿದರು. ಮೊದಲು ಕೊನೆಯ ಸ್ಥಾನದ ತಂಡಕ್ಕೆ ಮೊದಲ ಆಯ್ಕೆ ಸಿಗುವ ಸಾಧ್ಯತೆ ನೂರಕ್ಕೆ 25 ಇತ್ತು. ಬದಲಾವಣೆಯ ನಂತರ ಕೊನೆಯ ಮೂರು ತಂಡಗಳಿಗೂ ತಲಾ 14 ಆಯಿತು. ತೀರಾ ಕೊನೆಗೆ ಬೀಳುವುದರಲ್ಲಿ ಮೊದಲಿನ ಲಾಭ ಉಳಿಯಲಿಲ್ಲ.

ಇನ್ನೊಂದು ತುದಿಯಲ್ಲಿ ಬ್ರೂಕ್ಲಿನ್ ನೆಟ್ಸ್. 2013ರಲ್ಲಿ ಇವರು ಬಾಸ್ಟನ್ ತಂಡದಿಂದ ಕೆವಿನ್ ಗಾರ್ನೆಟ್, ಪಾಲ್ ಪಿಯರ್ಸ್ ಎಂಬ ವಯಸ್ಸಾದ ಇಬ್ಬರು ದಿಗ್ಗಜರನ್ನು ತಂದರು. ಬದಲಿಗೆ ಕೊಟ್ಟದ್ದು ಮುಂದಿನ ಹಲವು ವರ್ಷಗಳ ಡ್ರಾಫ್ಟ್ ಸರದಿ. ದಿಗ್ಗಜರು ಬೇಗ ಹೋದರು, ತಂಡ ತಳ ಸೇರಿತು, ತಳ ಸೇರಿದ್ದರ ಬಹುಮಾನವೂ ಬಾಸ್ಟನ್‌ಗೇ ಹೋಯಿತು. ಆ ಸರದಿಗಳ ದಾರಿಯಲ್ಲೇ ಜೇಲನ್ ಬ್ರೌನ್, ಜೇಸನ್ ಟೇಟಮ್ ಬಾಸ್ಟನ್ ಸೇರಿದರು. 2024ರಲ್ಲಿ ಪ್ರಶಸ್ತಿ ಗೆದ್ದರು. ಸೋಲೂ ನಮ್ಮದು, ಸೋಲಿನ ಲಾಭ ಪಕ್ಕದ ಮನೆಯವರದು ಎಂದರೆ ಇದಕ್ಕಿಂತ ಕೆಟ್ಟ ಗತಿ ಇಲ್ಲ.

ಈ ಎರಡರ ನಡುವೆ ನನಗೆ ಹೆಚ್ಚು ಹಿಡಿಸಿದ್ದು ಒಕ್ಲಹೋಮ ಸಿಟಿಯ ಕಥೆ. ಸಣ್ಣ ಊರು, ದೊಡ್ಡ ಆಟಗಾರರು ತಾವಾಗಿ ಬರುವ ಜಾಗವಲ್ಲ. 2019ರಲ್ಲಿ ತಮ್ಮ ತಾರೆ ಪಾಲ್ ಜಾರ್ಜ್‌ನನ್ನು ಲಾಸ್ ಏಂಜಲಿಸ್ ಕ್ಲಿಪರ್ಸ್‌ಗೆ ಕೊಟ್ಟು ಶಾಯ್ ಗಿಲ್ಜಸ್-ಅಲೆಕ್ಸಾಂಡರ್ ಎಂಬ ಹುಡುಗನನ್ನೂ, ಐದು ಮೊದಲ ಸುತ್ತಿನ ಡ್ರಾಫ್ಟ್ ಸರದಿಗಳನ್ನೂ ತೆಗೆದುಕೊಂಡರು. ಎರಡು ಸಾಲು ಚೆನ್ನಾಗಿಯೇ ಸೋತರು. ಚೆಟ್ ಹೋಮ್‌ಗ್ರೆನ್, ಜೇಲನ್ ವಿಲಿಯಮ್ಸ್ ಬಂದರು. ಹುಡುಗರು ನಿಂತರು ಎಂದು ಖಾತ್ರಿಯಾದ ಮೇಲೆ, 2024ರ ಬೇಸಿಗೆಯಲ್ಲಿ ತಿಜೋರಿ ತೆರೆದು ಐಸೇಯಾ ಹಾರ್ಟೆನ್‌ಸ್ಟೈನ್ ಎಂಬ ಎತ್ತರದ ಫ್ರೀ ಏಜೆಂಟ್‌ನನ್ನು ಕೊಂಡರು. ತಂಡಕ್ಕೆ ಕೊರತೆಯಿದ್ದ ಒಂದೇ ಜಾಗಕ್ಕೆ ಒಬ್ಬನೇ ಮನುಷ್ಯ. 2024-25ರ ಸಾಲಿನಲ್ಲಿ 68 ಗೆಲುವು, 14 ಸೋಲು, ಜೂನಿನಲ್ಲಿ ಪ್ರಶಸ್ತಿ. ಕಟ್ಟಿದ್ದೂ ಹೌದು, ಕೊಂಡದ್ದೂ ಹೌದು. ಯಾವುದನ್ನು ಮೊದಲು ಮಾಡಿದರು ಎಂಬುದರಲ್ಲಿ ಗುಟ್ಟಿತ್ತು.

ಬ್ಯಾಸ್ಕೆಟ್‌ಬಾಲಿನಲ್ಲಿ ಸೋತು ತಾರೆಯನ್ನು ಪಡೆಯುವ ಆಸೆ ಹುಟ್ಟುವುದಕ್ಕೆ ಆಟದ ಸ್ವಭಾವವೂ ಕಾರಣ. ಅಂಗಣದಲ್ಲಿ ಐದೇ ಜನ. ಪಂದ್ಯ 48 ನಿಮಿಷ. ಒಳ್ಳೆಯ ಆಟಗಾರ ಅದರಲ್ಲಿ ಮುಕ್ಕಾಲು ಹೊತ್ತು ಆಡುತ್ತಾನೆ, ಬೇಕೆಂದಾಗಲೆಲ್ಲ ಚೆಂಡು ಅವನ ಕೈಗೆ ಬರುತ್ತದೆ. ಒಬ್ಬ ಬಂದರೆ ತಂಡದ ಜಾತಕವೇ ಬದಲಾಗಬಹುದು.

ಕಬಡ್ಡಿಯಲ್ಲಿ ಹಾಗಿಲ್ಲ. ಎರಡು ಕೋಟಿಯ ರೈಡರ್ ಆದರೂ ಹಿಡಿಸಿಕೊಂಡ ಮೇಲೆ ಅಂಗಣದ ಹೊರಗೆ ಬೆಂಚಿನ ಮೇಲೆ ಕೂರಲೇಬೇಕು. ತನ್ನಷ್ಟಕ್ಕೆ ತಾನು ಎದ್ದು ಬರುವಂತಿಲ್ಲ. ಒಳಗಿರುವ ಇನ್ನೊಬ್ಬ ರೈಡರ್ ಎದುರಾಳಿಯನ್ನು ಮುಟ್ಟಿ ಬರಬೇಕು, ಇಲ್ಲವೇ ನಮ್ಮ ಡಿಫೆಂಡರುಗಳು ಬಂದವನನ್ನು ಹಿಡಿಯಬೇಕು. ಆಗಲೇ ಆತನಿಗೆ ಮರುಜೀವ. ಎರಡನೇ ರೈಡರ್ ಎಳಸು, ಮೂಲೆಯಲ್ಲಿ ನಿಂತವನ ಹಿಡಿತ ಸಡಿಲ ಎಂದಾದರೆ ಕೋಟಿ ಕೋಟಿ ಕೊಟ್ಟು ತಂದವನು ನಲವತ್ತು ನಿಮಿಷದ ಆಟದಲ್ಲಿ ಬಹುಪಾಲು ಹೊತ್ತು ಟವೆಲ್ ಹೊದ್ದು ಕೂತಿರುತ್ತಾನೆ. ಊರ ಪಂದ್ಯಾವಳಿಗಳಲ್ಲಿ ಇದನ್ನು ಎಷ್ಟು ಸಲ ನೋಡಿಲ್ಲ! ಹೊರಗಿನಿಂದ ಬಂದ ರೈಡರ್ ಮೊದಲ ದಾಳಿಗೇ ಇಬ್ಬರನ್ನು ಮುಟ್ಟಿ ಬರುತ್ತಾನೆ, ಜನ ಶಿಳ್ಳೆ ಹೊಡೆಯುತ್ತಾರೆ. ಮುಂದಿನ ದಾಳಿಯಲ್ಲಿ ಎದುರಿನ ಬಲ ಮೂಲೆಯವನು ಕಾಲಿಗೆ ಬೀಳುತ್ತಾನೆ, ಕವರ್‌ನವನು ಮೇಲೆ ಬೀಳುತ್ತಾನೆ. ಅಲ್ಲಿಂದಾಚೆಗೆ ಅವನನ್ನು ಒಳಗೆ ತರುವವರೇ ಇಲ್ಲ. ಆ ತಂಡದಲ್ಲಿ ಜಾಗ ಬಿಟ್ಟುಕೊಟ್ಟ ಊರ ಹುಡುಗ ಗೆರೆಯ ಹೊರಗೆ ಬಟ್ಟೆ ಚೀಲ ಕಾಯುತ್ತ ನಿಂತಿರುತ್ತಾನೆ.

ಇದೇ ನಾಟಕ ದೊಡ್ಡ ರಂಗದ ಮೇಲೂ ನಡೆಯಿತು. ಪವನ್ ಸೆಹ್ರಾವತ್ ಯಾರಿಗೆ ಗೊತ್ತಿಲ್ಲ? 2019ರ ಜನವರಿ 5ರಂದು ಮುಂಬೈನ ಫೈನಲಿನಲ್ಲಿ ಒಬ್ಬನೇ 22 ರೈಡ್ ಪಾಯಿಂಟ್ ತಂದು ಗುಜರಾತನ್ನು 38-33ರಿಂದ ಸೋಲಿಸಿ ಬುಲ್ಸ್‌ಗೆ ಅದರ ಮೊದಲ ಪ್ರಶಸ್ತಿ ಕೊಡಿಸಿದವನು. ಆತ ಬೆಂಗಳೂರು ಬಿಟ್ಟ ಮೇಲೆ 2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿ ಕೊಟ್ಟಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಇಡೀ ಆವೃತ್ತಿ ಕೈತಪ್ಪಿತು. ಮರುವರ್ಷ ತೆಲುಗು ಟೈಟನ್ಸ್ 2.605 ಕೋಟಿ ಕೊಟ್ಟಿತು. ಆಗ ಒಂದು ತಂಡ ಆಟಗಾರರ ಮೇಲೆ ಒಟ್ಟು ಖರ್ಚು ಮಾಡಬಹುದಾಗಿದ್ದದ್ದೇ 5 ಕೋಟಿ. ಅರ್ಧಕ್ಕೂ ಮಿಕ್ಕಿ ಒಬ್ಬನಿಗೇ ಹೋದ ಮೇಲೆ ಉಳಿದವರನ್ನು ಏನು ಕೊಟ್ಟು ತರುವುದು? ಹಿಂದಿನ ಎರಡು ಆವೃತ್ತಿಗಳಲ್ಲೂ ಕೊನೆಯ ಸ್ಥಾನದಲ್ಲಿದ್ದ ಟೈಟನ್ಸ್ ಪವನ್ ಬಂದ ಮೇಲೂ ಕೊನೆಯ ಸ್ಥಾನದಲ್ಲೇ ಉಳಿಯಿತು.

ಇಷ್ಟೇ ಹೇಳಿ ಬಿಟ್ಟರೆ ಅರ್ಧ ಸತ್ಯವಾಗುತ್ತದೆ. ಅದೇ ಹರಾಜಿನಲ್ಲಿ ಪುಣೇರಿ ಪಲ್ಟನ್ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಗೆ 2.35 ಕೋಟಿ ಸುರಿಯಿತು. ಅದೂ ಹೆಚ್ಚುಕಡಿಮೆ ಅರ್ಧ ತಿಜೋರಿಯೇ. 2024ರ ಮಾರ್ಚ್ 1ರಂದು ಪುಣೆ ಮೊದಲ ಬಾರಿಗೆ ಚಾಂಪಿಯನ್. ಒಂದೇ ಹರಾಜು, ಹತ್ತಿರ ಹತ್ತಿರದ ಬೆಲೆ, ಒಬ್ಬರು ಮೊದಲನೆಯವರು, ಇನ್ನೊಬ್ಬರು ಕೊನೆಯವರು. ಪುಣೆಯವರು ಶಾದ್ಲೂಯಿ ಬರುವ ಮೊದಲೇ ಅಸ್ಲಂ ಇನಾಮದಾರ್, ಮೋಹಿತ್ ಗೋಯತ್, ಆಕಾಶ್ ಶಿಂದೆಯಂಥ ಹುಡುಗರನ್ನು ತಮ್ಮ ಯುವ ತಂಡದಲ್ಲಿ ಪಳಗಿಸಿ ಹಿಂದಿನ ಆವೃತ್ತಿಯ ಫೈನಲ್ ಮುಟ್ಟಿದ್ದರು. ಪ್ರೊ ಕಬಡ್ಡಿಯಲ್ಲಿ ‘ಹೊಸ ಯುವ ಆಟಗಾರರು’ ಎಂಬ ವರ್ಗವೊಂದಿದೆ. ಹರಾಜಿಗೆ ಹೋಗದೆ ತಂಡವೇ ಹುಡುಕಿ ಸೇರಿಸಿಕೊಳ್ಳಬಹುದಾದವರು, ಖರ್ಚೂ ಕಡಿಮೆ. ಹುಡುಗರು ಅಗ್ಗಕ್ಕೆ ಒಳಗಿದ್ದುದರಿಂದಲೇ ದುಬಾರಿಯವನೊಬ್ಬನನ್ನು ತರಲು ಕೈಯಲ್ಲಿ ದುಡ್ಡು ಉಳಿಯಿತು. ಆತ ಹಿಡಿಸಿಕೊಂಡು ಹೊರಗೆ ಕೂತರೂ ಒಳಗೆ ಆಟ ನಡೆಯುತ್ತಿತ್ತು. ಮರುವರ್ಷ ಶಾದ್ಲೂಯಿ ಹರಿಯಾಣ ಸ್ಟೀಲರ್ಸ್‌ಗೆ ಹೋದ. ಗಟ್ಟಿಯಾಗಿ ಕಟ್ಟಿದ್ದ ಆ ತಂಡವೂ ಗೆದ್ದಿತು. ಆ ಪುಣೆ ತಂಡದ ತರಬೇತುದಾರ ನಮ್ಮವರೇ, ಅರ್ಜುನ ಪ್ರಶಸ್ತಿ ಪುರಸ್ಕೃತ ಬಿ.ಸಿ. ರಮೇಶ್. ಅದಕ್ಕೂ ಮೊದಲು 2019ರಲ್ಲಿ ಬೆಂಗಾಲ್ ವಾರಿಯರ್ಸ್ ಪ್ರಶಸ್ತಿ ಗೆದ್ದಾಗಲೂ ತರಬೇತುದಾರ ಅವರೇ.

ಇಲ್ಲಿಯವರೆಗೆ ಓದಿದ ಯುವಕರು ಒಂದು ಮಾತು ಕೇಳದೆ ಬಿಡುವುದಿಲ್ಲ: ಹಾಗಾದರೆ ಆರ್‌ಸಿಬಿ?

ನ್ಯಾಯವಾದ ಪ್ರಶ್ನೆ. 2008ರಿಂದ ಆರ್‌ಸಿಬಿ ಕೊಳ್ಳುವುದರಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. 2014ರಲ್ಲಿ ಯುವರಾಜ್ ಸಿಂಗ್‌ಗೆ 14 ಕೋಟಿ, 2021ರಲ್ಲಿ ಕೈಲ್ ಜೇಮಿಸನ್‌ಗೆ 15 ಕೋಟಿ, ಮ್ಯಾಕ್ಸ್‌ವೆಲ್‌ಗೆ 14.25 ಕೋಟಿ. ಮೂರು ಫೈನಲ್ ಸೋತರು. 2017ರಲ್ಲಿ ಕೊಹ್ಲಿ, ಗೇಲ್, ಡಿವಿಲಿಯರ್ಸ್ ಮೂವರೂ ಇದ್ದ ತಂಡ ಕೋಲ್ಕತ್ತದಲ್ಲಿ 49ಕ್ಕೆ ಆಲೌಟ್ ಆಯಿತು. ಕೊನೆಗೆ ಗೆದ್ದದ್ದು 2025ರ ಜೂನ್ 3ರಂದು, ಪಂಜಾಬ್ ವಿರುದ್ಧ 6 ರನ್ನಿನಿಂದ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಆ ಗೆಲುವನ್ನು ಅದಿಲ್ಲದೆ ನೆನೆಯಲು ಆಗುವುದಿಲ್ಲ.

ಗೆದ್ದ ಆ ತಂಡವಂತೂ ಹೆಚ್ಚುಕಡಿಮೆ ಪೂರ್ತಿ ಕೊಂಡದ್ದೇ. 2024ರ ನವೆಂಬರಿನ ಮಹಾ ಹರಾಜಿಗೆ ಮೊದಲು ಉಳಿಸಿಕೊಂಡವರು ಮೂವರು: ಕೊಹ್ಲಿ, ರಜತ್ ಪಾಟೀದಾರ್, ಯಶ್ ದಯಾಳ್. ಉಳಿದದ್ದು 83 ಕೋಟಿ. ಆ ದುಡ್ಡಿನಲ್ಲಿ ಮಾಡಿದ ವ್ಯಾಪಾರ ನೋಡಿ. ಊರಿನ ಹುಡುಗ ಕೆ.ಎಲ್. ರಾಹುಲ್ ಬರಬೇಕೆಂದು ಕನ್ನಡಿಗರು ಹಂಬಲಿಸುತ್ತಿದ್ದರೂ 14 ಕೋಟಿಗೆ ಡೆಲ್ಲಿಗೆ ಬಿಟ್ಟುಕೊಟ್ಟರು. ಹೇಜಲ್‌ವುಡ್, ಭುವನೇಶ್ವರ್, ಕೃಣಾಲ್ ಪಾಂಡ್ಯ, ಜಿತೇಶ್ ಶರ್ಮಾ, ಟಿಮ್ ಡೇವಿಡ್, ಹೀಗೆ ಒಂದೊಂದು ಕೆಲಸಕ್ಕೆ ಒಬ್ಬೊಬ್ಬನನ್ನು ಎತ್ತಿಕೊಂಡರು. ಹಿಂದೆ ಪೋಸ್ಟರಿಗೆ ಚೆಂದ ಕಾಣುವವರಿಗೆ ಹೋಗುತ್ತಿದ್ದ ದುಡ್ಡು ಈ ಸಲ ಹದಿನೆಂಟನೇ ಓವರ್ ಹಾಕುವವನಿಗೆ ಹೋಯಿತು. ನಾಯಕ ಪಾಟೀದಾರ್ ಅಂತೂ 2022ರ ಹರಾಜಿನಲ್ಲಿ ಯಾರಿಗೂ ಬೇಡವಾಗಿದ್ದವನು. ಗಾಯಗೊಂಡ ಲವ್‌ನೀತ್ ಸಿಸೋಡಿಯಾ ಜಾಗಕ್ಕೆ ನಡುವೆ ಕರೆಸಿಕೊಂಡಾಗ ಎಲಿಮಿನೇಟರ್‌ನಲ್ಲಿ ಶತಕ ಹೊಡೆದ.

ಐಪಿಎಲ್‌ನಲ್ಲಿ ಡ್ರಾಫ್ಟ್ ಇಲ್ಲ. ಕೊನೆಯ ಸ್ಥಾನಕ್ಕೆ ಬಂದವನಿಗೂ ಗೆದ್ದವನಿಗೂ ಹರಾಜಿನ ಮೊತ್ತ ಒಂದೇ. ಅಂದ ಮೇಲೆ ಸೋಲಿನಿಂದ ನಯಾಪೈಸೆ ಲಾಭವಿಲ್ಲ. ಅದರ ಮೇಲೆ ಕೆಲವು ವರ್ಷಕ್ಕೊಮ್ಮೆ ಮಹಾ ಹರಾಜು ಬಂದು, ನೀವು ತಿದ್ದಿ ತೀಡಿ ಬೆಳೆಸಿದವನನ್ನು ಬೇರೆಯವರು ಎತ್ತಿಕೊಂಡು ಹೋಗುತ್ತಾರೆ. ಅಂಥ ಕಡೆ ಫಿಲಡೆಲ್ಫಿಯಾದವರಂತೆ ಮೂರು ವರ್ಷ ಸೋತು ತಂಡ ಕಟ್ಟುತ್ತೇವೆ ಎನ್ನುವವನು ಪೆದ್ದ. ಐಪಿಎಲ್‌ನಲ್ಲಿ ಕಟ್ಟಬೇಕಾದದ್ದು ಆಟಗಾರರನ್ನು ಅಳೆಯುವ ಕಣ್ಣುಗಳನ್ನು. ಪ್ರೊ ಕಬಡ್ಡಿಯಲ್ಲೂ ಸೋಲಿಗೆ ಬಹುಮಾನವಿಲ್ಲ, ಆದರೆ ಹರಾಜಿನ ಹೊರಗೆ ಹುಡುಗರನ್ನು ಸೇರಿಸಿಕೊಳ್ಳುವ ಬಾಗಿಲು ತೆರೆದಿದೆ. ಬುಲ್ಸ್ ಆಡಳಿತಕ್ಕೆ ನನ್ನ ತಕರಾರು ಇರುವುದು ಇಲ್ಲೇ. ಬಾಗಿಲು ತೆರೆದಿದ್ದಾಗ ಅವರು ಕಿಟಕಿಯಲ್ಲಿ ಕೈಹಾಕಿ ಪರ್ದೀಪ್‌ನನ್ನು ಎಳೆದುಕೊಂಡರು.

ಬೆಳೆಸಿದ್ದನ್ನು ಮಾರಿ ಮತ್ತೆ ಕೊಳ್ಳುವುದು ಎಷ್ಟು ಕಷ್ಟ ಎಂಬುದಕ್ಕೆ ದನ ಮೇಯುವ ನಮ್ಮ ಕಾವಲುಗಳಿಗಿಂತ ಹಳೆಯ ಸಾಕ್ಷಿ ಬೇಕಿಲ್ಲ. ಮೈಸೂರು ಒಡೆಯರ ಕಾಲದ ದನಗಳ ಇಲಾಖೆ ‘ಬೆಣ್ಣೆ ಚಾವಡಿ’, ಟಿಪ್ಪುವಿನ ಕಾಲಕ್ಕೆ ಅಮೃತ್ ಮಹಲ್ ಆಯಿತು. ಫಿರಂಗಿ, ಸಾಮಾನು ಎಳೆಯುವ ದಂಡಿನ ಎತ್ತುಗಳಿಗೆ ಹೆಸರಾದ ತಳಿ ಅದು. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗೊಂದು ಎಂದು ಬೇರೆ ಬೇರೆ ಕಾವಲುಗಳಲ್ಲಿ ದನ ಮೇಯಿಸುತ್ತಿದ್ದರು. 1860ರಲ್ಲಿ ಬ್ರಿಟಿಷ್ ಸರ್ಕಾರಕ್ಕೆ ಉಳಿತಾಯದ ಹುಚ್ಚು ಹತ್ತಿ ಇಲಾಖೆಯನ್ನೇ ಮುಚ್ಚಿ ಹಿಂಡುಗಳನ್ನು ಮಾರಿಬಿಟ್ಟಿತು. ಬೇಕಾದಾಗ ಸಂತೆಯಲ್ಲಿ ಕೊಂಡರಾಯಿತು ಎಂಬ ಲೆಕ್ಕ. ಕೆಲವೇ ವರ್ಷಗಳಲ್ಲಿ ದಂಡಿಗೆ ತಕ್ಕ ಎತ್ತುಗಳೇ ಸಿಗದೆ, 1866ರಲ್ಲಿ ಉಳಿದ ದನಗಳನ್ನು ಹುಡುಕಿ ತಂದು ಮೊದಲಿನಿಂದ ಕಟ್ಟಬೇಕಾಯಿತು. ಹಾಗೆ ಕಟ್ಟಲು ಸಾಧ್ಯವಾದದ್ದು ಮೇಯಲು ಕಾವಲು ಇತ್ತು ಎಂಬ ಕಾರಣಕ್ಕೆ. ಹಿಂಡು ಹೋದರೆ ಇನ್ನೊಂದು ಹಿಂಡು ಬೆಳೆದೀತು. ಹುಲ್ಲು ಹೋದರೆ ಸಂತೆಯ ಎತ್ತೇ ಗತಿ. ಉಳ್ಳಾರ್ತಿ ಕಾವಲಿನಲ್ಲಿ 1,810 ಎಕರೆ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಹೋದದ್ದು, ಸುತ್ತಲಿನ ಕಾವಲುಗಳಲ್ಲಿ ಡಿಆರ್‌ಡಿಒ, ಇಸ್ರೊ, ಐಐಎಸ್‌ಸಿ ಬೇಲಿಗಳೆದ್ದದ್ದು, ಕುರಿಗಾಹಿಗಳು ಹಸಿರು ನ್ಯಾಯಮಂಡಳಿಯ ತನಕ ಹೋದದ್ದು ಬೇರೆಯೇ ಅಂಕಣದ ವಿಷಯ. ಕ್ರೀಡೆಯ ಮಾತಿಗೆ ಇಷ್ಟು ಸಾಕು: ತಂಡವೊಂದು ಕಟ್ಟುತ್ತಿದ್ದೇವೆ ಎಂದಾಗ, ಅದರ ಕಾವಲು ಎಲ್ಲಿದೆ ಎಂದು ಕೇಳಬೇಕು.

ವಿದರ್ಭ ಕ್ರಿಕೆಟ್ ತಂಡಕ್ಕೆ ಈ ಪ್ರಶ್ನೆ ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. ರಣಜಿಯಲ್ಲಿ ಒಂದು ರಾಜ್ಯ ಮೂವರು ಹೊರಗಿನ ವೃತ್ತಿಪರರನ್ನು ಸೇರಿಸಿಕೊಳ್ಳಬಹುದು. ಊರ ಪಂದ್ಯಾವಳಿಯ ‘ಇಬ್ಬರು ಹೊರಗಿನವರು’ ನಿಯಮದ ದೊಡ್ಡಣ್ಣ ಎನ್ನಿ. ಕರ್ನಾಟಕ ತಂಡದಲ್ಲಿ ಜಾಗ ಕಳೆದುಕೊಂಡ ಕರುಣ್ ನಾಯರ್ 2023ರಲ್ಲಿ ವಿದರ್ಭ ಸೇರಿದರು. 2024-25ರ ರಣಜಿ ಫೈನಲಿನಲ್ಲಿ ಕೇರಳದ ವಿರುದ್ಧ 86 ಮತ್ತು 135 ಹೊಡೆದು ವಿದರ್ಭಕ್ಕೆ ಪ್ರಶಸ್ತಿ ತಂದುಕೊಟ್ಟರು. ನಮ್ಮ ಪತ್ರಿಕೆಗಳಲ್ಲಿ ಕರುಣ್ ಹೆಸರೇ ದೊಡ್ಡದಾಗಿ ಬಂತು. ಆದರೆ ಅದೇ ಋತುವಿನಲ್ಲಿ ವಿದರ್ಭದ ಯಶ್ ರಾಥೋಡ್ 960 ರನ್ ಹೊಡೆದಿದ್ದ. ಎಡಗೈ ಸ್ಪಿನ್ನರ್ ಹರ್ಷ್ ದುಬೆ 69 ವಿಕೆಟ್ ಕಿತ್ತು ಒಂದೇ ರಣಜಿ ಋತುವಿನ ದಾಖಲೆ ಬರೆದಿದ್ದ. ಫೈನಲಿನಲ್ಲಿ 153 ಹೊಡೆದ ದಾನಿಶ್ ಮಾಲೇವಾರ್‌ಗೆ ಅದು ಮೊದಲ ರಣಜಿ ಋತು. ಇವರೆಲ್ಲ ನಾಗಪುರದ ಅಕಾಡೆಮಿ, ವಯೋಮಿತಿ ತಂಡಗಳ ದಾರಿಯಲ್ಲಿ ಬಂದವರು. ಕರುಣ್ ಆ ಮನೆಗೆ ಮಾಳಿಗೆ ಹಾಕಿದರು, ತಳಪಾಯ ಬೇರೆಯವರು ಹಾಕಿದ್ದರು. ಅದೇ ವರ್ಷದ ವಿಜಯ್ ಹಜಾರೆ ಟೂರ್ನಿಯಲ್ಲಿ ಕರುಣ್ 779 ರನ್ ಹೊಡೆದರೂ ಫೈನಲಿನಲ್ಲಿ ವಿದರ್ಭ ಸೋತಿತು, ಸೋಲಿಸಿದ್ದು ಕರ್ನಾಟಕ. ಮುಂದಿನ ಋತುವಿಗೆ ಕರುಣ್ ಮನೆಗೆ ಮರಳಿದರು.

ಬೇರೆ ಆಟಗಳಲ್ಲಿ ನಮ್ಮ ರಾಜ್ಯದ ಹಳೆಯ ಫ್ರೀ ಏಜೆಂಟ್ ಪದ್ಧತಿ ಎಂದರೆ ನೌಕರಿ. ಕ್ರೀಡಾ ಕೋಟಾದಲ್ಲಿ ಬ್ಯಾಂಕು, ರೈಲ್ವೆ ಸೇರಿದವನು ಆ ತಂಡಕ್ಕೆ ಆಡಿದ. ವಿಜಯಾ ಬ್ಯಾಂಕಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಬೆಂಗಳೂರಿನಲ್ಲಿ ದೊಡ್ಡ ಹೆಸರಿತ್ತು. ಹಳ್ಳಿಯ ಹುಡುಗನಿಗೆ ಅದೊಂದು ಭರವಸೆ: ಆಡಿದರೆ ನೌಕರಿ, ನೌಕರಿ ಸಿಕ್ಕರೆ ಮನೆ ನಡೆಯುತ್ತದೆ. 2017ರ ಏಪ್ರಿಲಿನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐನಲ್ಲಿ, 2019ರ ಏಪ್ರಿಲಿನಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾದವು. ಇಲ್ಲಿನ ಹೆಸರು ಹೊತ್ತಿದ್ದ ಎರಡು ಬಾಗಿಲುಗಳು ಹೋದವು. ಇದರ ಲೆಕ್ಕವನ್ನು ಕ್ರೀಡಾ ಪುಟಗಳು ಯಾಕೋ ಸರಿಯಾಗಿ ಬರೆಯಲಿಲ್ಲ.

ಬುಲ್ಸ್ ಕಡೆಗೆ ಮರಳೋಣ. ಕೊನೆಯ ಸ್ಥಾನದ ಅವಮಾನದ ನಂತರ ದೀರ್ಘಕಾಲದ ತರಬೇತುದಾರ ರಣಧೀರ್ ಸಿಂಗ್ ಜಾಗಕ್ಕೆ ರಮೇಶ್ ಬಂದರು. 2025ರ ಹರಾಜಿನಲ್ಲಿ ದೊಡ್ಡ ಹೆಸರುಗಳ ಬೆನ್ನು ಹತ್ತಲಿಲ್ಲ. ಯೋಗೇಶ್ ದಹಿಯಾನನ್ನು ಕೊಂಡು ರಕ್ಷಣೆ ಗಟ್ಟಿ ಮಾಡಿಕೊಂಡರು, ಇರಾನಿನ ಅಲಿರೆಜಾ ಮಿರ್ಜಾಯಿಯನ್ ರೈಡಿಂಗ್ ಹೊತ್ತುಕೊಂಡ. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡ ಪ್ಲೇ-ಆಫ್ ಮುಟ್ಟಿತು. ಒಂದೇ ವರ್ಷದಲ್ಲಿ ಇಷ್ಟಾಯಿತಲ್ಲ, ಮೂರ್ನಾಲ್ಕು ವರ್ಷ ಸೋಲಬೇಕು ಎಂದವರ ಮಾತು ಸುಳ್ಳಾಯಿತಲ್ಲ ಎನ್ನಬಹುದು. ಹೌದು, ಕಬಡ್ಡಿಯಲ್ಲಿ ಅಷ್ಟು ಕಾಯಬೇಕಿಲ್ಲ. ಏಳು ಜನರ ಆಟದಲ್ಲಿ ರಕ್ಷಣೆ ಸರಿಹೋದರೆ ಒಂದು ಆವೃತ್ತಿಯಲ್ಲೇ ಮೇಲೆ ಬರಬಹುದು. ಎನ್‌ಬಿಎಯ ಗಡಿಯಾರವನ್ನು ಇಲ್ಲಿಗೆ ತಂದು ನೇತುಹಾಕುವುದರಲ್ಲಿ ಅರ್ಥವಿಲ್ಲ.

ಆದರೆ ಪ್ಲೇ-ಆಫ್ ಮುಟ್ಟಿದ್ದರಿಂದ ಕಾವಲಿನ ಪ್ರಶ್ನೆ ತೀರಲಿಲ್ಲ. ಈ ಲೀಗಿನಲ್ಲಿ ಕನ್ನಡಿಗರು ಕಾಣದವರೇನಲ್ಲ. ಪುತ್ತೂರು ಸೀಮೆಯ ಪ್ರಶಾಂತ್ ಕುಮಾರ್ ರೈ ನಾಯಕನಾಗಿ ಪಟ್ನಾವನ್ನು ಫೈನಲಿಗೆ ಒಯ್ದರು. ಸುಕೇಶ್ ಹೆಗ್ಡೆ ಗುಜರಾತಿನ ನಾಯಕರಾಗಿದ್ದರು. ಗಗನ್ ಗೌಡ ಯುಪಿ ಯೋಧಾಸ್‌ಗೆ ರೈಡ್ ಮಾಡಿದ್ದಾನೆ. ಬೆಂಗಳೂರಿನ ಹೆಸರು ಹೊತ್ತ ತಂಡಕ್ಕೆ ಮಾತ್ರ ಹರಿಯಾಣದ ದಾರಿ ಹತ್ತಿರ, ಹಿರಿಯೂರಿನ ದಾರಿ ದೂರ. ಭಾಷಾಭಿಮಾನ ಬದಿಗಿರಲಿ, ದುಡ್ಡಿನ ಲೆಕ್ಕದಲ್ಲೇ ಇದು ನಷ್ಟ. ಹರಿಯಾಣದ ಅಖಾಡಗಳಲ್ಲಿ ಹನ್ನೆರಡು ತಂಡಗಳೂ ಮೀನು ಹಿಡಿಯುತ್ತವೆ. ಚಳ್ಳಕೆರೆ, ಮೊಳಕಾಲ್ಮುರು, ಜಗಳೂರಿನ ಕಡೆ ಒಬ್ಬರೂ ಗಾಳ ಹಾಕಿದ್ದನ್ನು ನಾನು ಕಂಡಿಲ್ಲ.

ಗಾಳ ಹಾಕಿದರೆ ಏನು ಸಿಕ್ಕೀತು ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ನಮ್ಮ ಹುಡುಗರ ಉಸಿರು ಗಟ್ಟಿ, ಕಾಲು ಚುರುಕು. ಆದರೆ ಆಡುವುದು ಮಣ್ಣಿನ ಮೇಲೆ, ಬರಿಗಾಲಲ್ಲಿ. ಮಣ್ಣಿನಲ್ಲಿ ಹಿಡಿದವನೂ ಹಿಡಿಸಿಕೊಂಡವನೂ ಜಾರುತ್ತಾರೆ; ಕೊನೆಯ ಜಿಗಿತಕ್ಕೆ ಅರ್ಧ ಕ್ಷಣ ಸಿಗುತ್ತದೆ. ಮ್ಯಾಟ್ ಮೇಲೆ ಬೂಟು ಕಚ್ಚಿ ಹಿಡಿಯುತ್ತದೆ, ಆಟಕ್ಕೆ ವೇಗ ಹೆಚ್ಚು, ಹೊರಳುವಾಗ ಮೊಣಕಾಲು ಹೊರಳದೆ ನಿಂತುಬಿಡುತ್ತದೆ. ಮಣ್ಣಿನ ರಾಜನೊಬ್ಬನನ್ನು ನೇರವಾಗಿ ಮ್ಯಾಟಿಗೆ ಇಳಿಸಿದರೆ ಮೊದಲ ವಾರದಲ್ಲೇ ಕಾಲಿಗೆ ಪಟ್ಟಿ ಸುತ್ತಿಕೊಂಡು ಊರಿಗೆ ಬರುತ್ತಾನೆ. ಪಂದ್ಯಾವಳಿಗೆ ಮ್ಯಾಟನ್ನು ಬಾಡಿಗೆಗೆ ತಂದು, ಬೆಳಗಾಗುವುದರೊಳಗೆ ಸುತ್ತಿ ಲಾರಿಗೆ ಹಾಕುವ ಊರುಗಳಲ್ಲಿ ಹುಡುಗನಿಗೆ ವರ್ಷಕ್ಕೆ ಎಷ್ಟು ಹೊತ್ತು ಅದರ ಮೇಲೆ ಕಾಲಿಡಲು ಸಿಕ್ಕೀತು? ತಾರಾ ಆಟಗಾರನೊಬ್ಬನಿಗೆ ಕೊಡುವ ಮೊತ್ತದ ಒಂದು ಚೂರಿನಲ್ಲಿ ತಾಲ್ಲೂಕಿಗೊಂದು ಮ್ಯಾಟ್ ಹಾಸಿ, ಜೊತೆಗೊಬ್ಬ ತರಬೇತುದಾರನನ್ನು ಕೂರಿಸಬಹುದು. ಬುಲ್ಸ್ ಮಾಡದಿದ್ದರೆ ಯುವಜನ ಸೇವಾ ಮತ್ತು ಕ್ರೀಡಾ ಇಲಾಖೆ ಮಾಡಲಿ. ಯಾರೂ ಮಾಡದಿದ್ದರೆ ಪುಣೆಯವರೋ ಪಟ್ನಾದವರೋ ಒಂದು ದಿನ ಬಂದು ಮಾಡುತ್ತಾರೆ. ಆಗ ‘ನಮ್ಮ ಹುಡುಗನನ್ನು ಬೇರೆಯವರು ಹೊತ್ತುಕೊಂಡು ಹೋದರು’ ಎಂದು ಇದೇ ಪುಟದಲ್ಲಿ ಯಾರಾದರೂ ಅಂಕಣ ಬರೆದಾರು.

ಮುಂದಿನ ಹರಾಜಿಗೆ ಮೊದಲು ತಂಡಗಳು ಉಳಿಸಿಕೊಂಡವರ ಪಟ್ಟಿ ಪ್ರಕಟಿಸುತ್ತವೆ. ಪತ್ರಿಕೆಗಳಲ್ಲಿ ದೊಡ್ಡ ಹೆಸರುಗಳು ಮೇಲೆ ಬರುತ್ತವೆ, ಹೊಸ ಯುವ ಆಟಗಾರರ ಹೆಸರು ಕೊನೆಯ ಸಾಲಿನಲ್ಲಿ. ಬುಲ್ಸ್ ಪಟ್ಟಿ ಬಂದಾಗ ಆ ಕೊನೆಯ ಸಾಲನ್ನು ಮೊದಲು ಓದಿ; ಎಷ್ಟು ಹೆಸರಿವೆ, ಯಾವ ಊರಿನವು ಎಂದು ನೋಡಿ. ಆಯ್ಕೆ ಶಿಬಿರವನ್ನು ಒಂದು ಸಲ ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣದಲ್ಲಿ ಇಟ್ಟುಕೊಳ್ಳಿ ಎಂದು ತಂಡಕ್ಕೆ ಬರೆಯುವುದಕ್ಕೂ ಏನೂ ಅಡ್ಡಿಯಿಲ್ಲ. ಚಳ್ಳಕೆರೆಯ ಹುಡುಗರು ಬೆಳಗಿನ ಬಸ್ಸಿಗೇ ಬಂದಿಳಿಯುತ್ತಾರೆ, ಬೂಟು ಮಾತ್ರ ಅವರೇ ತರಬೇಕೆಂದು ಷರತ್ತು ಹಾಕಬೇಡಿ.